ಮೂರು ಗೆರೆಗಳ ಹಿಂದೆ

ಕುಣಿಗಲ್ಲಿನ ಅಜ್ಜಿಯೊಬ್ಬರು ತಮ್ಮ ಮೊಬೈಲಿನ ಮೂಲೆಯಲ್ಲಿ ಕಾಣುವ ಮೂರು ಅಡ್ಡಗೆರೆಗಳಿಗೆ 'ವಿಭೂತಿ' ಎಂದು ಹೆಸರಿಟ್ಟಿದ್ದಾರೆ. ಮೂರು ಬೆರಳಿನಿಂದ ಹಣೆಗೆ ಎಳೆದುಕೊಳ್ಳುವ ಪಟ್ಟೆಗಳನ್ನು ಅವು ಹೋಲುತ್ತವೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಮೆರಿಕದವರು ಅದೇ ಗುರುತಿಗೆ, ಎರಡು ಹೋಳು ಬನ್ನಿನ ನಡುವೆ ಮಾಂಸದ ಬಿಲ್ಲೆಯನ್ನಿಟ್ಟು ಮಾಡುವ ತಮ್ಮ ತಿಂಡಿಯ ಹೆಸರನ್ನು ಕೊಟ್ಟು 'ಹ್ಯಾಂಬರ್ಗರ್' ಎನ್ನುತ್ತಾರೆ. ಯಾರ ಮನೆಯಲ್ಲಿ ಏನು ದಿನವೂ ಕಣ್ಣಿಗೆ ಬೀಳುವುದೋ ಅದರ ಹೆಸರು! ಈ ಅಜ್ಜಿಯೂ ಇವರ ಮನೆಯವರೂ ಕಲ್ಪನೆಯ ಕುಟುಂಬವೆಂದು ಮೊದಲೇ ಹೇಳಿಬಿಡುವುದು ಲೇಸು. ಆದರೆ ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಇಂಥ ಮನೆ ಬೀದಿಗೊಂದು ಸಿಕ್ಕಿದರೆ ಆಶ್ಚರ್ಯವಿಲ್ಲ.

ಗುರುತಿಗೆ ವಯಸ್ಸೂ ಆಗಿದೆ. 1981ರಲ್ಲಿ ಜೆರಾಕ್ಸ್ ಸಂಸ್ಥೆಯು 'ಸ್ಟಾರ್' ಎಂಬ ಗಣಕಯಂತ್ರವನ್ನು ಹೊರತಂದಾಗ, ಅದರ ಪರದೆಗಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ಇದನ್ನು ಬರೆದರು. ಒತ್ತಿದೊಡನೆ ತೆರೆದುಕೊಳ್ಳುವ ಪಟ್ಟಿಯ ಸಾಲುಗಳನ್ನೇ ಚಿಕ್ಕದಾಗಿಸಿದರೆ ಮೂರು ಗೆರೆಯಾಗುತ್ತದೆ. ಅದರ ಅರ್ಥ ಇಷ್ಟೇ. ಗಣಕದ ಪರದೆಯ ಮೇಲಿನ ಚೌಕಕ್ಕೆ ಆ ಜನ 'ಕಿಟಕಿ' ಎನ್ನುತ್ತಾರಷ್ಟೆ, ಹೊಸಬರು ಬಂದು "ಇದೇನು ಗೆರೆ?" ಎಂದು ಕೇಳಿದರೆ, ಕಿಟಕಿ ಬಿಸಿಯಾಗದಂತೆ ಗಾಳಿಗೆ ಬಿಟ್ಟ ಕಂಡಿ ಎಂದು ತಮಾಷೆ ಮಾಡುತ್ತಿದ್ದರಂತೆ. ಬಹುಕಾಲ ಹೆಚ್ಚು ಜನರ ಕಣ್ಣಿಗೆ ಬೀಳದೆ ಇದ್ದ ಗುರುತು, ಅಂಗೈಯಗಲದ ಫೋನುಗಳು ಬಂದ ಮೇಲೆ ಮತ್ತೆ ತಲೆಯೆತ್ತಿತು. ಅಂಗೈಯಷ್ಟು ಜಾಗದಲ್ಲಿ ಎಲ್ಲವನ್ನೂ ಹರಡುವುದೆಲ್ಲಿ? ಬೇಕಾದಾಗ ಎಳೆದು, ಬೇಡವಾದಾಗ ತಳ್ಳುವ ಮೇಜಿನ ಡ್ರಾಯರಿನಂತೆ ಪಟ್ಟಿಯನ್ನು ಪರದೆಯ ಪಕ್ಕದಲ್ಲಿ ಅಡಗಿಸಿಟ್ಟರು. 2013ರಲ್ಲಿ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಫೋನುಗಳಿಗೆ ಆ್ಯಪ್ ಬರೆಯುವವರೆಲ್ಲರಿಗೂ ಇಂಥ ಡ್ರಾಯರಿನ ಸಿದ್ಧ ಸಲಕರಣೆಯನ್ನೇ ಒದಗಿಸಿಬಿಟ್ಟಿತು. ಅಲ್ಲಿಂದ ಮುಂದೆ ಮೂರು ಗೆರೆಗಳಿಲ್ಲದ ಆ್ಯಪನ್ನು ಹುಡುಕುವುದೇ ಕಷ್ಟವಾಯಿತು.

ಅಜ್ಜಿಯ ಮೊಮ್ಮಗಳು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಕಡೆಯ ವರ್ಷದ ಕೆಲಸವೆಂದು ಇಬ್ಬರು ಗೆಳತಿಯರೊಡನೆ ಕೂಡಿ, ಊರಿನ ಔಷಧಿಯಂಗಡಿಯೊಂದಕ್ಕೆ ಆ್ಯಪ್ ಮಾಡಿಕೊಟ್ಟಳು. ಗುಬ್ಬಿ ಕುಣಿಗಲ್ಲುಗಳ ಹಳೆಯ ಗಿರಾಕಿಗಳು ವೈದ್ಯರ ಚೀಟಿಯನ್ನು ಒಮ್ಮೆ ತೋರಿಸಿದ್ದರೆ ಸಾಕು, ಮನೆಯಲ್ಲಿ ಕುಳಿತೇ ಕೇಳಬಹುದು. ಅಂಗಡಿಯವರು ಪೊಟ್ಟಣವನ್ನು ಬಸ್ಸಿಗೆ ಹಾಕಿ ಕಳಿಸುತ್ತಾರೆ. ಪರೀಕ್ಷಕರು ಮೆಚ್ಚಿದರು, ಅಂಗಡಿಯವರು ಮೆಚ್ಚಿದರು. ಅಜ್ಜಿಗೂ ಅದರಿಂದಲೇ ಪ್ರತಿ ತಿಂಗಳೂ ರಕ್ತದೊತ್ತಡದ ಮಾತ್ರೆ ಬರತೊಡಗಿತು.

ಗೌರಿ ಹಬ್ಬಕ್ಕೆಂದು ಮೊಮ್ಮಗಳು ಕುಣಿಗಲ್ಲಿಗೆ ಬಂದಾಗ ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಬರಿಯ ತಗಡಿನ ಹಾಳೆ ಕಂಡಿತು. ಗುಳಿಗಳೆಲ್ಲ ಖಾಲಿ.

"ಅಜ್ಜಿ, ಮಾತ್ರೆ ಎಲ್ಲಿ? ಅಂಗಡಿಯವರು ಕಳಿಸಲಿಲ್ಲವೇ?"

"ಕೇಳಿದರೆ ತಾನೆ ಕಳಿಸುವುದು! ಐದು ದಿನವಾಯಿತು. ಈ ಹೊಸ ಫೋನು ಬಂದಾಗಿನಿಂದ ಎಲ್ಲಿ ಒತ್ತಬೇಕೋ ತಿಳಿಯುತ್ತಿಲ್ಲ ಕಣೆ. ನನಗೆ ಬುದ್ಧಿ ಸಾಲದು. ಓದುವ ಹುಡುಗಿಗೆ ತೊಂದರೆ ಯಾಕೆ ಎಂದು ಸುಮ್ಮನಾದೆ."

ರಕ್ತದೊತ್ತಡದ ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದೆಂದು ಯಾವ ವೈದ್ಯರೂ ಹೇಳುತ್ತಾರೆ. ಅಂದೇ ಹತ್ತಿರದ ಅಂಗಡಿಯಿಂದ ಮಾತ್ರೆ ತಂದುದಾಯಿತು, ಹಬ್ಬವೂ ನಡೆಯಿತು. ಆದರೆ ಹುಡುಗಿಯ ಮನಸ್ಸಿನಲ್ಲಿ ಉಳಿದದ್ದು ಖಾಲಿ ಡಬ್ಬಿಯಲ್ಲ, "ನನಗೆ ಬುದ್ಧಿ ಸಾಲದು" ಎಂಬ ಮಾತು. ಐವತ್ತು ವರ್ಷ ಸಂಸಾರದ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಹೆಂಗಸು ಹನ್ನೆರಡು ಸಾಲಿನ ಪಟ್ಟಿಯ ಮುಂದೆ ಸೋತು, ಸೋಲನ್ನು ತನ್ನ ತಲೆಯ ಮೇಲೆಯೇ ಹಾಕಿಕೊಂಡಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತು, ಏನನ್ನೂ ಹೇಳಿಕೊಡದೆ, ಕೈ ಹೇಗೆ ಓಡುತ್ತದೆಂದು ನೋಡತೊಡಗಿದಳು. ಅಜ್ಜಿ ಮೊದಲಿನ ರೂಢಿಯಂತೆ ಪರದೆಯ ಎಡಗಡೆಯ ಅಂಚಿನಿಂದ ಬೆರಳನ್ನು ಒಳಕ್ಕೆ ಎಳೆದರು. ಹಳೆಯ ಫೋನಿನಲ್ಲಿ ಹಾಗೆ ಎಳೆದರೆ ಡ್ರಾಯರು ತೆರೆಯುತ್ತಿತ್ತು. ಇಲ್ಲಿ ಆ್ಯಪೇ ಮುಚ್ಚಿಹೋಯಿತು! ಒಳಗೆ ಬರಲು ಬಾಗಿಲು ತಳ್ಳಿದವರನ್ನು ಬೀದಿಗೆ ನೂಕಿದಂತೆ. ಇದಕ್ಕೆ ಕಾರಣವುಂಟು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ, ಪರದೆಯ ಅಂಚಿನಿಂದ ಬೆರಳೆಳೆಯುವುದನ್ನು 'ಹಿಂದಕ್ಕೆ ಹೋಗು' ಎಂಬ ಸನ್ನೆಯಾಗಿ ಬಳಸುವ ಕ್ರಮ ಬಂದಿದೆ. ಡ್ರಾಯರನ್ನು ತೆರೆಯುವ ಸನ್ನೆಯೂ ಅದೇ, ಹಿಂದಕ್ಕೆ ಹೋಗುವ ಸನ್ನೆಯೂ ಅದೇ ಆದಮೇಲೆ, ದೊಡ್ಡ ಸಂಸ್ಥೆಯ ಸನ್ನೆ ಗೆದ್ದಿತು, ಅಜ್ಜಿಯ ಸನ್ನೆ ಸೋತಿತು. ಅಂಚನ್ನು ಕ್ಷಣಕಾಲ ಒತ್ತಿ ಹಿಡಿದು, ಡ್ರಾಯರು ಇಣುಕಿದ ಮೇಲೆ ಎಳೆಯಬಹುದೆಂದು ಅವರು ಒಂದು ಉಪಾಯವನ್ನೇನೋ ಇಟ್ಟಿದ್ದಾರೆ; ಕುಣಿಗಲ್ಲಿನವರೆಗೆ ಬಂದು ಅದನ್ನು ಹೇಳಿದವರು ಯಾರೂ ಇಲ್ಲ.

ಇನ್ನು ಮೂರು ಗೆರೆಗಳನ್ನೇ ಒತ್ತಿ ಒಳಹೊಕ್ಕರೆ ಕಾಣುವುದೇನು? ಮೇಲ್ಭಾಗದಲ್ಲಿ ಅಂಗಡಿಯ ಬಣ್ಣದ ಚಿತ್ರ. ಅದರ ಕೆಳಗೆ ಮುಖಪುಟ, ನನ್ನ ವಿವರ, ಔಷಧಿ ಹುಡುಕು, ರಿಯಾಯಿತಿಗಳು, ಬುಟ್ಟಿ, ಹಣ ಪಾವತಿ, ಹಿಂದಿನ ಬಿಲ್ಲುಗಳು, ವೈದ್ಯರ ಚೀಟಿ, ಮತ್ತೊಮ್ಮೆ ಅದೇ ಔಷಧಿ ತರಿಸುವುದು, ಸ್ನೇಹಿತರಿಗೆ ತಿಳಿಸಿ, ನಮ್ಮ ಬಗ್ಗೆ, ನಿರ್ಗಮನ. ಅಜ್ಜಿಗೆ ಬೇಕಾದದ್ದು ಒಂಬತ್ತನೆಯದು. ಆ್ಯಪ್ ಬರೆಯುವವರ ಅಳತೆಯಲ್ಲಿ ಒಂದೊಂದು ಸಾಲಿನ ಎತ್ತರ 48. ಸಿದ್ಧ ಮಾದರಿಯೊಡನೆ ಬರುವ ಮೇಲಿನ ಚಿತ್ರದ ಜಾಗ 176. ಎಂದರೆ ಚಿತ್ರವೊಂದೇ ಮೂರೂವರೆ ಸಾಲಿಗಿಂತ ಹೆಚ್ಚು ಜಾಗವನ್ನು ನುಂಗಿ ಕುಳಿತಿರುತ್ತದೆ. ಕಣ್ಣಿಗೆ ಕಾಣಲೆಂದು ಪರದೆಯ ಮೇಲಿನದನ್ನೆಲ್ಲ ದೊಡ್ಡದು ಮಾಡಿಸಿಕೊಂಡ ಹಿರಿಯರ ಫೋನಿನಲ್ಲಿ ಒಂಬತ್ತನೆಯ ಸಾಲು ತಳದ ಅಂಚಿನಿಂದ ಕೆಳಕ್ಕೆ ಜಾರಿಹೋಗುತ್ತದೆ. ಕೆಳಗೆ ಇನ್ನೂ ಸಾಲುಗಳಿವೆಯೆಂದು ತಿಳಿಯದವರು ಪಟ್ಟಿಯನ್ನು ಮೇಲಕ್ಕೆ ಸರಿಸುವುದಾದರೂ ಏತಕ್ಕೆ?

ಸರಿಸಿದರೂ ಮತ್ತೊಂದು ತೊಡಕು. ಹುಡುಗಿ ಸಾಲಿನೊಳಗಿನ ಜಾಗವನ್ನು ಇಂಗ್ಲಿಷ್ ಅಕ್ಷರಗಳನ್ನಿಟ್ಟು ನೋಡಿ, ಅಂದವಾಗಿ ಕಾಣಲೆಂದು ಬಿಗಿಮಾಡಿದ್ದಳು. ಇಂಗ್ಲಿಷ್ ಅಕ್ಷರ ನಿಂತ ನೆಲದ ಕೆಳಕ್ಕೆ ಹೆಚ್ಚು ಇಳಿಯುವುದಿಲ್ಲ. ಕನ್ನಡಕ್ಕೋ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತಕ್ಷರ. ಬಿಗಿಯಾದ ಸಾಲಿನಲ್ಲಿ ಒತ್ತುಗಳೆಲ್ಲ ಕತ್ತರಿಸಿಹೋಗಿ 'ಬುಟ್ಟಿ' ಎಂಬುದು 'ಬುಟಿ'ಯಾಗಿತ್ತು, 'ಮತ್ತೊಮ್ಮೆ' ಎಂಬುದು 'ಮತೊಮೆ'ಯಾಗಿತ್ತು. ಅಲ್ಲದೆ ಕನ್ನಡದ ಮಾತು ಉದ್ದ. ಅಗಲ ಸಾಲದೆ ಕೊನೆಯ ಪದಗಳ ಬದಲು ಮೂರು ಚುಕ್ಕೆ. ಒಟ್ಟಿನಲ್ಲಿ ಅಜ್ಜಿಯ ಕಣ್ಣಿಗೆ ಬಿದ್ದದ್ದು 'ಮತೊಮೆ ಅದೇ ಔಷ...' ಎಂಬ ಯಾವ ದೇಶದ್ದೋ ಭಾಷೆ. ಲಿಪಿಯನ್ನು ಹೀಗೆ ಅಂಗಹೀನ ಮಾಡಿ, ಕನ್ನಡದಲ್ಲಿಯೂ ಆ್ಯಪ್ ಮಾಡಿದ್ದೇವೆಂದು ಬೆನ್ನು ತಟ್ಟಿಕೊಳ್ಳುವವರು ಈ ಹುಡುಗಿಯರು ಮಾತ್ರವಲ್ಲ.

ಪಟ್ಟಿಗೆ ಈ ಕ್ರಮ ಬಂದದ್ದೆಲ್ಲಿಂದ? ಎಲ್ಲಿಂದಲೂ ಅಲ್ಲ. ಯಾವುದೋ ಇಂಗ್ಲಿಷ್ ಮಾದರಿಯನ್ನು ನೋಡಿ, ನೆನಪಾದಂತೆ ಒಂದರ ಕೆಳಗೊಂದು ಬರೆದದ್ದು. ಇಂಥ ಪಟ್ಟಿಯು ಆ್ಯಪಿನ ಒಳಗೆ ಒಂದು ಪ್ರತ್ಯೇಕ ಕಡತದಲ್ಲಿರುತ್ತದೆ; ಬೇರೆ ಏರ್ಪಾಟು ಮಾಡದಿದ್ದರೆ, ಕಡತದಲ್ಲಿ ಸಾಲುಗಳನ್ನು ಬರೆದ ಕ್ರಮವೇ ಪರದೆಯ ಮೇಲಿನ ಕ್ರಮ. ಒಂಬತ್ತನೆಯದನ್ನು ಮೊದಲನೆಯದಾಗಿ ಮಾಡಲು ಬೇಕಾದದ್ದು ಕತ್ತರಿಸಿ ಅಂಟಿಸುವ ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೆ ಮೊದಲು ಅಜ್ಜಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತಿರಬೇಕಾಗಿತ್ತು.

ಗುಬ್ಬಿಯಲ್ಲಿ ಹುಡುಗಿಯ ದೊಡ್ಡಪ್ಪನವರಿದ್ದಾರೆ, ನಿವೃತ್ತ ಮುಖ್ಯೋಪಾಧ್ಯಾಯರು. ಊರಿನವರೆಲ್ಲರಂತೆ ಅವರಿಗೂ ನಾಟಕದ ಹುಚ್ಚು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಮಾತು ಬಂದರೆ, ಕುರುಕ್ಷೇತ್ರ ನಾಟಕಕ್ಕೆ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದದ್ದು, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಅವರೆಲ್ಲ ಅಲ್ಲಿ ಬಣ್ಣ ಹಚ್ಚಿದ್ದು, ಎಲ್ಲವೂ ಮುಗಿಯದೆ ಅವರು ನಿಲ್ಲಿಸುವವರಲ್ಲ. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರದಲ್ಲಿ ನಾಟಕವಿದೆಯೆಂದು ಬಂದವರು, ಹುಡುಗಿಯ ಕಥೆಯನ್ನು ಕೇಳಿ ನಕ್ಕರು.

"ನಿನ್ನ ಡ್ರಾಯರು ಎಂದರೆ ನಾಟಕದ ಸೈಡ್‌ವಿಂಗು ಕಣಮ್ಮ. ಪಾತ್ರಧಾರಿಗಳೆಲ್ಲ ಅದರ ಹಿಂದೆ ನಿಂತಿರುತ್ತಾರೆ. ಮೊದಲನೆಯ ಅಂಕದ ರಾಜನನ್ನು ಕಟ್ಟಕಡೆಯಲ್ಲಿ ನಿಲ್ಲಿಸಿ, ಬಾಗಿಲಿನಲ್ಲಿ ಟಿಕೇಟು ಹರಿಯುವವನನ್ನು ಮುಂದೆ ನಿಲ್ಲಿಸಿದರೆ ನಾಟಕ ನಡೆಯುವುದು ಹೇಗೆ? ಇನ್ನೊಂದು ಮಾತು. ಸೂತ್ರಧಾರ ಸೈಡ್‌ವಿಂಗಿನಲ್ಲಿ ಇರಲೇಬಾರದು. ಅವನು ಪರದೆಯ ಮುಂದೆಯೇ ಇರಬೇಕು."

ದೊಡ್ಡಪ್ಪನವರು ಆ್ಯಪ್ ಬರೆದವರಲ್ಲ. ಆದರೂ ಲೋಕದ ದೊಡ್ಡ ದೊಡ್ಡ ಸಂಸ್ಥೆಗಳು ಹತ್ತು ವರ್ಷ ತಪ್ಪು ಮಾಡಿ ಕಲಿತ ಪಾಠ ಅವರ ಕಡೆಯ ಮಾತಿನಲ್ಲಿತ್ತು. 2013ರಲ್ಲಿಯೇ ಫೇಸ್‌ಬುಕ್ಕಿನವರು ಐಫೋನಿನ ತಮ್ಮ ಆ್ಯಪಿನಲ್ಲಿ ಪಕ್ಕದ ಡ್ರಾಯರನ್ನು ಬಿಟ್ಟು, ಮುಖ್ಯವಾದವುಗಳನ್ನು ಪರದೆಯ ತಳದಲ್ಲಿ ಸದಾ ಕಾಣುವಂತೆ ಸಾಲಾಗಿ ಇಟ್ಟರು. 2016ರಲ್ಲಿ ನೀಲ್ಸನ್ ನಾರ್ಮನ್ ಎಂಬ ಪರಿಶೀಲಕ ಸಂಸ್ಥೆಯು ಪ್ರಯೋಗ ಮಾಡಿ ನೋಡಿದಾಗ, ಅಡಗಿಸಿಟ್ಟ ಪಟ್ಟಿಯಲ್ಲಿರುವುದು ಜನರ ಗಮನಕ್ಕೆ ಬರುವ ಪ್ರಮಾಣ, ಎದುರಿಗಿಟ್ಟ ಪಟ್ಟಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯಿತೆಂದು ಕಂಡಿತು. ಆ ಪ್ರಯೋಗಕ್ಕೆ ಒಳಗಾದವರಲ್ಲಿ ಯಾರೂ ಕುಣಿಗಲ್ಲಿನ ಅಜ್ಜಿಯರಲ್ಲವೆಂಬುದನ್ನು ನೆನೆದರೆ ನಮ್ಮ ಕಡೆಯ ಲೆಕ್ಕ ಹೇಗಿದ್ದೀತೆಂದು ಊಹಿಸಬಹುದು. ಕಡೆಗೆ 2025ರಲ್ಲಿ, ಡ್ರಾಯರನ್ನು ಊರೂರಿಗೆ ಹಂಚಿದ ಗೂಗಲ್ ಸಂಸ್ಥೆಯೇ ತನ್ನ ಹೊಸ ವಿನ್ಯಾಸದ ಕೈಪಿಡಿಯಲ್ಲಿ, ಇನ್ನು ಮುಂದೆ ಇದನ್ನು ಶಿಫಾರಸು ಮಾಡುವುದಿಲ್ಲವೆಂದು ಹೇಳಿ, ಪಕ್ಕದಲ್ಲಿ ನಿಲ್ಲುವ ಬೇರೊಂದು ಬಗೆಯ ಪಟ್ಟಿಯತ್ತ ಕೈತೋರಿಸಿತು. ಆದರೂ ಬರೆದಿಟ್ಟ ಲಕ್ಷಾಂತರ ಆ್ಯಪುಗಳಲ್ಲಿ ಡ್ರಾಯರು ಇದ್ದೇ ಇದೆ. ಅದು ಹೋಗುವವರೆಗೆ ಅದನ್ನು ಒಪ್ಪವಾಗಿ ಜೋಡಿಸುವ ಹೊಣೆಯೂ ಇದೆ.

ಹಬ್ಬದ ರಜೆ ಮುಗಿಯುವುದರೊಳಗೆ ಹುಡುಗಿ ಕೆಲಸಕ್ಕೆ ಕುಳಿತಳು. ಹಿಂದಿನ ಔಷಧಿಯನ್ನೇ ಮತ್ತೆ ಕೇಳುವ ಗುಂಡಿ ಡ್ರಾಯರಿನಿಂದ ಹೊರಬಂದು ಪರದೆಯ ಎದುರಿಗೇ ನಿಂತಿತು, ದೊಡ್ಡಪ್ಪನವರ ಸೂತ್ರಧಾರ! ಒಳಗೂ ಅದಕ್ಕೆ ಮೊದಲನೆಯ ಸ್ಥಾನ. ಅಂಗಡಿಯ ಚಿತ್ರವನ್ನು ಒಂದು ಸಾಲಿನಷ್ಟಕ್ಕೆ ಇಳಿಸಿದ್ದಾಯಿತು. ಅಂಗಡಿಯವರಿಗೆ ಅದು ಸ್ವಲ್ಪ ಬೇಸರ ತಂದಿತಾದರೂ, ಐದು ದಿನದ ಕಥೆಯನ್ನು ಕೇಳಿದ ಮೇಲೆ ಮಾತಾಡಲಿಲ್ಲ. ಹನ್ನೆರಡು ಸಾಲುಗಳನ್ನು ಮೂರು ಗುಂಪು ಮಾಡಿ, ಗುಂಪುಗಳ ನಡುವೆ ತೆಳುವಾದ ಗೆರೆ ಎಳೆದಳು: ಔಷಧಿಗೆ ಸಂಬಂಧಿಸಿದ್ದು ಮೇಲೆ, ಹಣಕ್ಕೆ ಸಂಬಂಧಿಸಿದ್ದು ನಡುವೆ, ಉಳಿದದ್ದು ಕೆಳಗೆ. 'ನಿರ್ಗಮನ' ಎಲ್ಲಕ್ಕಿಂತ ಕೆಳಗೆ, ಬೇರೆಯವುಗಳಿಂದ ದೂರವಾಗಿ, ತಪ್ಪಿ ಕೈತಾಗದಂತೆ. ಬೆರಳಿಗೆ ಸಿಗಬೇಕಾದ ಗುಂಡಿ ಸುಮಾರು 9 ಮಿಲಿಮೀಟರಿಗಿಂತ ಕಿರಿದಾಗಬಾರದೆಂದು ಆಂಡ್ರಾಯ್ಡ್ ಕೈಪಿಡಿಯೇ ಹೇಳುತ್ತದೆ. ನಡುಗುವ ಬೆರಳಿಗೆ ಅದಕ್ಕಿಂತ ಹೆಚ್ಚಾದರೂ ನಷ್ಟವಿಲ್ಲವೆಂದು ಸಾಲುಗಳ ಎತ್ತರವನ್ನೇ ಏರಿಸಿದಳು. ಒತ್ತಕ್ಷರಗಳಿಗೆ ಕಾಲು ಚಾಚಲು ಜಾಗವಾಯಿತು. ಒಂದೇ ಸಾಲಿಗೆ ಕತ್ತರಿಸುವ ಬದಲು ಉದ್ದನೆಯ ಹೆಸರು ಎರಡು ಸಾಲಿಗೆ ಇಳಿಯುವಂತೆಯೂ ಮಾಡಬಹುದಾಗಿತ್ತು, ಅದನ್ನೂ ಮಾಡಿದಳು.

ಗೆಳತಿಯರಲ್ಲಿ ಒಬ್ಬಳ ಮನೆಮಾತು ಉರ್ದು. ಅವಳು ಮತ್ತೊಂದು ತಪ್ಪನ್ನು ಹಿಡಿದಳು. ಉರ್ದು ಬಲದಿಂದ ಎಡಕ್ಕೆ ಓದುವ ಭಾಷೆ; ಫೋನನ್ನು ಉರ್ದುವಿನಲ್ಲಿ ಇಟ್ಟುಕೊಂಡವರಿಗೆ ಡ್ರಾಯರು ಬಲಗಡೆಯಿಂದ ಬರಬೇಕು. ಡ್ರಾಯರಿನ ಸ್ಥಾನವನ್ನು 'ಆರಂಭದ ಕಡೆ' ಎಂದು ಬರೆದಿದ್ದರೆ ಭಾಷೆಗೆ ತಕ್ಕಂತೆ ಅದೇ ಪಕ್ಕ ಬದಲಿಸಿಕೊಳ್ಳುತ್ತಿತ್ತು. ಇವರು 'ಎಡ' ಎಂದೇ ಬರೆದು ಮೊಳೆ ಹೊಡೆದಿದ್ದರು. ಒಂದು ಪದವನ್ನು ತಿದ್ದುವುದರೊಳಗೆ ಸರಿಹೋಯಿತು.

ಇಷ್ಟಕ್ಕೇ ಮುಗಿಯುತ್ತಿತ್ತೇನೋ, ಗುಬ್ಬಿಯಿಂದ ದೂರು ಬಂತು. ದೊಡ್ಡಪ್ಪನವರಿಗೆ ಮಾತ್ರೆಗಿಂತ ಬಿಲ್ಲು ಮುಖ್ಯ. ಪ್ರತಿ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡುವವರು ಅವರು. 'ಹಿಂದಿನ ಬಿಲ್ಲುಗಳು' ನಡುವಣ ಗುಂಪಿಗೆ ಇಳಿದದ್ದು ಅವರಿಗೆ ಹಿಡಿಸಲಿಲ್ಲ. "ನಿನ್ನ ಅಜ್ಜಿಗೆ ಮಾತ್ರ ಆ್ಯಪ್ ಮಾಡಿದೆಯಾ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಯಾವ ಬಟ್ಟಲಿನಲ್ಲಿರಬೇಕೆಂದು ಡಬ್ಬಿ ಮಾರಿದವನು ಹೇಳುವುದಿಲ್ಲ. ಒಲೆಯ ಮುಂದೆ ನಿಲ್ಲುವವರು ಹೇಳುತ್ತಾರೆ. ಹಾಗೆಯೇ ಸಾಲನ್ನು ಬೆರಳಿನಿಂದ ಒತ್ತಿ ಹಿಡಿದು ಮೇಲಕ್ಕೋ ಕೆಳಕ್ಕೋ ಎಳೆದು, ಅವರವರ ಫೋನಿನಲ್ಲಿ ಅವರವರ ಕ್ರಮವನ್ನು ಉಳಿಸಿಕೊಳ್ಳುವ ಅನುಕೂಲವನ್ನು ಹುಡುಗಿ ಸೇರಿಸಿದಳು. ಬೇಡವಾದ ಸಾಲನ್ನು ಮರೆಮಾಡುವ ಅನುಕೂಲವೂ ಬಂತು. ಮುಖ್ಯೋಪಾಧ್ಯಾಯರು ಒಂದು ವಾರ ಎಷ್ಟು ಉತ್ಸಾಹದಿಂದ ಜೋಡಿಸಿದರೆಂದರೆ, ಎಂಟನೆಯ ದಿನ 'ವೈದ್ಯರ ಚೀಟಿ'ಯನ್ನು ತಾವೇ ಮರೆಮಾಡಿದ್ದು ಮರೆತು, ಆ್ಯಪ್ ಕೆಟ್ಟಿತೆಂದು ತುಮಕೂರಿಗೆ ಫೋನು ಮಾಡಿದರು! ಆದುದರಿಂದ 'ಮೊದಲಿನಂತೆ ಜೋಡಿಸು' ಎಂಬ ಸಾಲೊಂದನ್ನು ಸೇರಿಸಿ, ಅದನ್ನು ಮಾತ್ರ ಯಾರೂ ಮರೆಮಾಡದಂತೆ ಬಿಗಿಮಾಡಬೇಕಾಯಿತು. ಎಲ್ಲರಿಗೂ ಜೋಡಿಸುವ ಉತ್ಸಾಹವಿರುವುದಿಲ್ಲ. ಅಜ್ಜಿ ಒಂದು ಸಾಲನ್ನೂ ಕದಲಿಸಲಿಲ್ಲ. ಮೊದಲೇ ಇಟ್ಟ ಕ್ರಮ ಸರಿಯಾಗಿರಬೇಕಾದದ್ದು ಅಂಥವರಿಗಾಗಿ.

ಆ್ಯಪ್ ಕಟ್ಟುವ ಮೊಮ್ಮಗಳಿಲ್ಲದ ಮನೆಗಳಲ್ಲಿಯೂ ಕೈಲಾಗುವಷ್ಟು ಜೋಡಣೆ ಸಾಧ್ಯ. ಜೀಮೇಲಿನ ಡ್ರಾಯರನ್ನೇ ನೋಡಬಹುದು. ಗಣಕದಲ್ಲಿ ಅದನ್ನು ತೆರೆದು 'ಲೇಬಲ್' ಎಂಬ ಹೆಸರುಚೀಟಿಗಳನ್ನು ಮಾಡಿಕೊಂಡರೆ, ಅವು ಫೋನಿನ ಡ್ರಾಯರಿನಲ್ಲಿಯೂ ಕಾಣಿಸಿಕೊಳ್ಳುತ್ತವೆ. ಆದರೆ ಅವುಗಳನ್ನು ಅಕ್ಷರದ ಕ್ರಮದಲ್ಲಿ ನಿಲ್ಲಿಸುವುದು ಆ ಆ್ಯಪಿನ ಹಟ. ತಿಳಿದವರು ಹೆಸರಿನ ಮುಂದೆ ಅಂಕಿಯನ್ನು ಹಾಕಿ '01 ಆಸ್ಪತ್ರೆ', '02 ಬ್ಯಾಂಕು', '03 ಶಾಲೆ' ಎಂದು ಬರೆದು ಹಟವನ್ನು ಮುರಿಯುತ್ತಾರೆ. ಫೋನಿನ ಮೇಲಂಚಿನಿಂದ ಕೆಳಕ್ಕೆ ಎಳೆದಾಗ ಇಳಿಯುವ ತೆರೆಯಲ್ಲಿ ಟಾರ್ಚು, ವೈಫೈ ಮೊದಲಾದ ಗುಂಡಿಗಳಿರುತ್ತವೆ. 2016ರ ಆಂಡ್ರಾಯ್ಡ್ 7ರಿಂದ ಈಚಿನ ಫೋನುಗಳಲ್ಲಿ ಅವುಗಳ ಸ್ಥಾನವನ್ನೂ ಬದಲಿಸಬಹುದು. ತೆರೆಯನ್ನು ಪೂರ್ತಿ ಇಳಿಸಿದಾಗ ಸಾಮಾನ್ಯವಾಗಿ ಪೆನ್ಸಿಲಿನ ಗುರುತೊಂದು ಕಾಣುತ್ತದೆ. ಅದನ್ನು ಒತ್ತಿ, ಗುಂಡಿಗಳನ್ನು ಎಳೆದು ಬೇಕಾದಲ್ಲಿ ಇಡುವುದು. ಕರೆಂಟು ಹೋದಾಗ ಹಿರಿಯರು ಕತ್ತಲಲ್ಲಿ ತಡಕಾಡುವ ಮನೆಯಲ್ಲಿ ಟಾರ್ಚಿನ ಗುಂಡಿಯನ್ನು ಮೊದಲನೆಯ ಸ್ಥಾನಕ್ಕೆ ತಂದುಕೊಡಲು ಮಕ್ಕಳಿಗೆ ಅರ್ಧ ನಿಮಿಷ ಸಾಕು. ಕೂತು ಮಾಡಿಕೊಡುವ ಮಕ್ಕಳು ಬೇಕು, ಅಷ್ಟೆ.

ಕುಣಿಗಲ್ಲಿನಲ್ಲಿ ಮುಂದಿನ ತಿಂಗಳು ಪೊಟ್ಟಣ ದಿನ ತಪ್ಪದೆ ಬಂತು. ಯಾರನ್ನೂ ಕೇಳದೆ ತರಿಸಿಕೊಂಡೆನೆಂದು ಅಜ್ಜಿಯೇ ಫೋನು ಮಾಡಿ ಹೇಳಿದರು. ಹೇಳಿದವರು ಅಲ್ಲಿಗೇ ನಿಲ್ಲಿಸಲಿಲ್ಲ.

"ಅದೇನೇ ಅಷ್ಟುದ್ದ ಬರೆದಿದ್ದೀಯೆ? 'ಮತ್ತೊಮ್ಮೆ ಅದೇ ಔಷಧಿ ತರಿಸುವುದು' ಅಂತ! ಅಂಗಡಿಗೆ ಹೋಗಿ ಯಾರಾದರೂ ಹಾಗೆ ಕೇಳುತ್ತಾರೆಯೇ? 'ಅದೇ ಮಾತ್ರೆ' ಅಂತ ಬರೆ."

ಹುಡುಗಿ ಹಾಗೆಯೇ ತಿದ್ದಿದಳು. ಈಗ ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ, ತುಮಕೂರಿನಲ್ಲಿ ಆ ಅಂಗಡಿಯ ಗಿರಾಕಿಗಳೆಲ್ಲರ ಪರದೆಯ ಮೇಲೆ 'ಅದೇ ಮಾತ್ರೆ' ಎಂಬ ಎರಡೇ ಪದವಿದೆ. ಈ ಸಂಗತಿಯನ್ನು ತಿಳಿಸಿದಾಗ ಅಜ್ಜಿ ಹಿಗ್ಗಿದ್ದೇನೋ ನಿಜ. ಆದರೂ ಅನುಮಾನ ಬಿಡಲಿಲ್ಲ.

"ಮಾತ್ರೆಯ ಒತ್ತು ಕಾಣುತ್ತದೆ ತಾನೆ? ಅದರ ಕಾಲು ಕತ್ತರಿಸಿಲ್ಲವಷ್ಟೆ?"